ಗೋಧಿ ಒಗ್ಗದ ಒಡಲು

'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದು ಕನ್ನಡ ನಾಡಿನ ಮನೆಮನೆಯಲ್ಲಿ ಕೇಳಿಬರುವ ಗಾದೆ. ಊಟ ಬಲ್ಲವನೆಂದರೆ ಹಿತಮಿತವಾಗಿ ಉಣ್ಣುವವನು ಎಂದು ಸಾಮಾನ್ಯವಾಗಿ ಅರ್ಥ ಹೇಳುವುದುಂಟು. ಆದರೆ ಹತ್ತು ಜನಕ್ಕೆ ಹಿತವಾದದ್ದು ಹನ್ನೊಂದನೆಯವನಿಗೆ ಅಹಿತವಾಗಬಹುದೆಂಬ ತಿಳಿವೂ ಆ ಮಾತಿನಲ್ಲಿ ಅಡಗಿದೆ. ಗೋಧಿಯ ವಿಷಯದಲ್ಲಿ ಇದು ಅಕ್ಷರಶಃ ನಿಜ. ಸಾವಿರಾರು ವರ್ಷಗಳಿಂದ ಮಾನವಕುಲದ ಬಹುಭಾಗವನ್ನು ಸಾಕಿ ಸಲಹಿದ ಧಾನ್ಯ ಅದು. ಆದರೂ ಕೆಲವರ ಕರುಳಿಗೆ ಅದು ಒಗ್ಗದು. ಅಂಥವರು ಗೋಧಿಯ ಒಂದು ತುಣುಕನ್ನು ತಿಂದರೂ ಅವರ ದೇಹ ತನ್ನ ಮೇಲೆ ತಾನೇ ಯುದ್ಧ ಹೂಡುತ್ತದೆ. ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಸೀಲಿಯಾಕ್ ರೋಗವೆಂದು ಹೆಸರು.

ಕೊಡಗು ಭತ್ತದ ನಾಡು. ಕಾಫಿಯ ತೋಟಗಳು ಬೆಟ್ಟದ ಇಳಿಜಾರುಗಳನ್ನು ಆವರಿಸುವುದಕ್ಕೆ ಬಹಳ ಮೊದಲೇ ಇಲ್ಲಿನ ಕಣಿವೆಗಳಲ್ಲಿ ಗದ್ದೆಗಳಿದ್ದವು. ಮಳೆಗಾಲದಲ್ಲಿ ನೆಟ್ಟ ಪೈರು ತೆನೆಗಟ್ಟಿದಾಗ, ಹುತ್ತರಿಯ ಇರುಳಿನಲ್ಲಿ ಹೊಸ ಕದಿರನ್ನು ಕೊಯ್ದು ಮನೆತುಂಬಿಸಿಕೊಳ್ಳುವುದು ನಾಡಿನ ದೊಡ್ಡ ಹಬ್ಬ. ಇಲ್ಲಿನ ಅಡುಗೆಯೂ ಅಕ್ಕಿಯನ್ನೇ ನಂಬಿ ಬೆಳೆದದ್ದು. ಅಕ್ಕಿಯ ತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದರೆ ಕಡಂಬುಟ್ಟು. ಎಳೆಎಳೆಯಾಗಿ ಒತ್ತಿದರೆ ನೂಪುಟ್ಟು. ತರಿಗೆ ಹಾಲು, ತೆಂಗಿನ ತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ಹುರಿದ ಅಕ್ಕಿಯ ಪುಡಿಯನ್ನು ಬಾಳೆಯ ಹಣ್ಣಿನೊಡನೆ ಕಲಸಿದರೆ ಹುತ್ತರಿಯ ತಂಬುಟ್ಟು. ಅನ್ನ ಮತ್ತು ಅಕ್ಕಿಹಿಟ್ಟನ್ನು ಸೇರಿಸಿ ನಾದಿ ತಟ್ಟಿದ ರೊಟ್ಟಿ ದಿನನಿತ್ಯದ ಉಪಾಹಾರ. ಇವುಗಳಲ್ಲಿ ಯಾವುದಕ್ಕೂ ಗೋಧಿಯ ಸೋಂಕಿಲ್ಲ.

ಆದರೆ ಕಾಲ ಹಾಗೆಯೇ ನಿಲ್ಲಲಿಲ್ಲ. ಇಂದು ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆಗಳ ಬೀದಿಗಳಲ್ಲಿ ಬೇಕರಿಗಳಿಗೆ ಕೊರತೆಯಿಲ್ಲ. ಬ್ರೆಡ್ಡು, ಬನ್ನು, ಬಿಸ್ಕತ್ತು, ಪರೋಟ, ಚಪಾತಿ, ರವೆಯ ಉಪ್ಪಿಟ್ಟು, ಶಾವಿಗೆ, ನೂಡಲ್ಸ್ ಇವೆಲ್ಲ ಮನೆಗಳನ್ನೂ ಶಾಲೆಯ ಬುತ್ತಿಗಳನ್ನೂ ಹೊಕ್ಕಿವೆ. ಆದ್ದರಿಂದ, ಉತ್ತರ ಭಾರತದವರ ಕಾಯಿಲೆ ಎಂದು ಒಂದು ಕಾಲಕ್ಕೆ ದೂರ ಇಡಲಾಗಿದ್ದ ಈ ರೋಗವನ್ನು ಕೊಡಗಿನ ಜನರೂ ತಿಳಿದಿರುವುದು ಅವಶ್ಯವಾಗಿದೆ.

ಗೋಧಿಯಲ್ಲಿ ಇರುವುದೇನು, ಅಕ್ಕಿಯಲ್ಲಿ ಇಲ್ಲದಿರುವುದೇನು? ಅಡುಗೆಮನೆಯಲ್ಲಿಯೇ ಇದನ್ನು ಪರೀಕ್ಷಿಸಿ ನೋಡಬಹುದು. ಒಂದು ಹಿಡಿ ಗೋಧಿಹಿಟ್ಟನ್ನು ನೀರು ಹಾಕಿ ಚೆನ್ನಾಗಿ ನಾದಿ ಅರ್ಧ ಗಂಟೆ ಬಿಡಬೇಕು. ಅನಂತರ ಆ ಉಂಡೆಯನ್ನು ನೀರಿನಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆಯಬೇಕು. ಹಿಟ್ಟಿನ ಪಿಷ್ಟವೆಲ್ಲ ಹಾಲಿನಂತೆ ಬೆಳ್ಳಗಾಗಿ ನೀರಿನೊಡನೆ ಹೋಗಿಬಿಡುತ್ತದೆ. ಕೈಯಲ್ಲಿ ಉಳಿಯುವುದು ರಬ್ಬರಿನಂತೆ ಜಗ್ಗುವ ಅಂಟಾದ ಮುದ್ದೆ. ಈ ಅಂಟುಪದಾರ್ಥವೇ ಗ್ಲುಟೆನ್ ಎಂಬ ಪ್ರೋಟೀನು. ಚಪಾತಿಯ ಹಿಟ್ಟು ಹರಿಯದೆ ತೆಳುವಾಗಿ ಹಿಗ್ಗುವುದೂ, ಬ್ರೆಡ್ಡು ಗಾಳಿಯನ್ನು ಒಳಗೆ ಹಿಡಿದುಕೊಂಡು ಉಬ್ಬುವುದೂ ಇದರಿಂದಲೇ. ಅಕ್ಕಿಹಿಟ್ಟಿನಲ್ಲಿ ಈ ಅಂಟು ಇಲ್ಲ. ಬಿಸಿನೀರನ್ನೋ ಅನ್ನವನ್ನೋ ಸೇರಿಸಿ ನಾದದಿದ್ದರೆ ಅಕ್ಕಿರೊಟ್ಟಿ ಬಿರುಕು ಬಿಡುವುದಕ್ಕೆ ಕಾರಣ ಇದೇ.

ಗ್ಲುಟೆನ್ನಿನಲ್ಲಿ ಗ್ಲಯಾಡಿನ್, ಗ್ಲುಟೆನಿನ್ ಎಂಬ ಎರಡು ಬಗೆಯ ಪ್ರೋಟೀನುಗಳಿವೆ. ಬಾರ್ಲಿ ಅಥವಾ ಜವೆಗೋಧಿಯಲ್ಲಿಯೂ, ಶೀತದೇಶಗಳಲ್ಲಿ ಬೆಳೆಯುವ ರೈ ಎಂಬ ಧಾನ್ಯದಲ್ಲಿಯೂ ಇದೇ ಜಾತಿಯ ಪ್ರೋಟೀನುಗಳಿವೆ. ಮೈದಾ, ರವೆ, ಚಿರೋಟಿ ರವೆ, ಗೋಧಿಯ ನುಚ್ಚು ಇವೆಲ್ಲ ಗೋಧಿಯವೇ ರೂಪಾಂತರಗಳು. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಮೆಕ್ಕೆಜೋಳಗಳಲ್ಲಿ ಸೀಲಿಯಾಕ್ ರೋಗಿಗೆ ಹಾನಿ ಮಾಡುವ ಗ್ಲುಟೆನ್ ಇಲ್ಲ. ಬೇಳೆಕಾಳು, ತರಕಾರಿ, ಹಣ್ಣು, ಹಾಲು, ಮೊಟ್ಟೆ, ಮೀನು, ಮಾಂಸಗಳಲ್ಲಿಯೂ ಇಲ್ಲ.

ಇನ್ನು ಕರುಳಿನೊಳಗೆ ನಡೆಯುವುದೇನೆಂಬುದನ್ನು ತಿಳಿಯಬೇಕು. ಉಂಡ ಆಹಾರದ ಸತ್ವವನ್ನು ಹೀರಿಕೊಳ್ಳುವ ಕೆಲಸ ಸಣ್ಣ ಕರುಳಿನದು. ಅದರ ಒಳಗೋಡೆಯ ತುಂಬ ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣದಾದ ಬೆರಳಿನಾಕಾರದ ಚಾಚುಗಳಿವೆ. ಇವುಗಳನ್ನು ವಿಲ್ಲೈಗಳೆನ್ನುತ್ತಾರೆ. ಸಸಿ ನೆಟ್ಟ ಗದ್ದೆಯಂತೆ ಇವು ದಟ್ಟವಾಗಿ ನಿಂತಿರುವುದರಿಂದ ಹೀರುವ ಮೈ ಅನೇಕ ಪಟ್ಟು ಹೆಚ್ಚುತ್ತದೆ. ಕಬ್ಬಿಣ, ಕ್ಯಾಲ್ಸಿಯಂ, ಜೀವಸತ್ವಗಳು, ಸಕ್ಕರೆ, ಕೊಬ್ಬು ಎಲ್ಲವೂ ಈ ಚಾಚುಗಳ ಮೂಲಕವೇ ರಕ್ತವನ್ನು ಸೇರಬೇಕು.

ಗ್ಲುಟೆನ್ ಪೂರ್ಣವಾಗಿ ಜೀರ್ಣವಾಗದ ವಸ್ತು. ಅದರ ಕೆಲವು ತುಣುಕುಗಳು ಹಾಗೆಯೇ ಉಳಿದು ಕರುಳಿನ ಗೋಡೆಯನ್ನು ದಾಟಿ ಒಳಹೋಗುತ್ತವೆ. ಬಹುಪಾಲು ಜನರಲ್ಲಿ ಇದರಿಂದ ಏನೂ ಆಗದು. ಆದರೆ ಡಿಕ್ಯೂ-2 ಅಥವಾ ಡಿಕ್ಯೂ-8 ಎಂಬ ಆನುವಂಶಿಕ ಗುಣವನ್ನು ಪಡೆದವರಲ್ಲಿ ಕೆಲವರ ರೋಗನಿರೋಧಕ ವ್ಯವಸ್ಥೆ ಈ ತುಣುಕುಗಳನ್ನು ಶತ್ರುವೆಂದು ತಪ್ಪಾಗಿ ಭಾವಿಸುತ್ತದೆ. ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ದೇಹದ್ದೇ ಆದ ಕಿಣ್ವವೊಂದು ಆ ತುಣುಕುಗಳನ್ನು ಮಾರ್ಪಡಿಸಿ ಈ ತಪ್ಪಿಗೆ ಇಂಬು ಕೊಡುತ್ತದೆ. ಆಗ ಆ ಕಿಣ್ವದ ವಿರುದ್ಧವೂ ಪ್ರತಿಕಾಯಗಳು ಹುಟ್ಟುತ್ತವೆ. ಹೊರಗಿನ ಶತ್ರುವಿಗೆ ಎಸೆದ ಅಸ್ತ್ರ ಮನೆಯವರಿಗೇ ತಗಲಿದಂತೆ ಕರುಳಿನ ಗೋಡೆ ಉರಿಯೂತಕ್ಕೊಳಗಾಗಿ ವಿಲ್ಲೈಗಳು ಸವೆದು ಸಪಾಟಾಗುತ್ತವೆ. ಆಗ ಎಷ್ಟು ಉಂಡರೂ ಸತ್ವ ಮೈಗೆ ಹತ್ತುವುದಿಲ್ಲ.

ಈ ರೋಗ ಅಂಟುಜಾಡ್ಯವಲ್ಲ. ಕೊಳಕಿನಿಂದ ಬರುವುದಲ್ಲ, ಜೊತೆಯಲ್ಲಿ ಕುಳಿತು ಉಂಡರೆ ಹರಡುವುದೂ ಇಲ್ಲ. ಗೋಧಿಯನ್ನು ತಿಂದೊಡನೆ ಮೈಮೇಲೆ ದದ್ದು ಏಳುವ ಅಲರ್ಜಿಗಿಂತಲೂ ಇದು ಬೇರೆ. ದೇಹ ತನ್ನ ಅಂಗವನ್ನೇ ನೋಯಿಸಿಕೊಳ್ಳುವ ಕಾಯಿಲೆಗಳ ಗುಂಪಿಗೆ ಇದು ಸೇರುತ್ತದೆ. ಅದೇ ಗುಂಪಿನ ಎಳೆಯ ವಯಸ್ಸಿನ ಸಕ್ಕರೆ ಕಾಯಿಲೆ, ಥೈರಾಯಿಡ್ ಗ್ರಂಥಿಯ ಕೆಲವು ತೊಂದರೆಗಳು ಇದರ ಜೊತೆಗೆ ಕಾಣಿಸಿಕೊಳ್ಳುವುದುಂಟು.

ರೋಗದ ಲಕ್ಷಣಗಳು ಎಲ್ಲರಲ್ಲಿಯೂ ಒಂದೇ ರೀತಿ ಇರುವುದಿಲ್ಲ. ಎಳೆಯ ಮಕ್ಕಳಲ್ಲಿ ನಿಲ್ಲದ ಭೇದಿ, ಉಬ್ಬಿದ ಹೊಟ್ಟೆ, ಸೊರಗಿದ ಕೈಕಾಲು, ಸಿಡುಕು ಕಂಡುಬರುತ್ತವೆ. ದೊಡ್ಡವರಲ್ಲಿ ಹೊಟ್ಟೆಯ ತೊಂದರೆ ಅಲ್ಪವಾಗಿದ್ದು, ಎಷ್ಟು ಗುಳಿಗೆ ನುಂಗಿದರೂ ವಾಸಿಯಾಗದ ರಕ್ತಹೀನತೆ, ಮೂಳೆಗಳ ಸವೆತ, ಬಾಯಿಹುಣ್ಣು, ಆಯಾಸ ಇವೇ ಮುಂದಾಗಿ ಕಾಣಬಹುದು. ಪ್ರೌಢಶಾಲೆಯ ವಯಸ್ಸಿನಲ್ಲಿ ಇದು ಬೇರೊಂದು ವೇಷದಲ್ಲಿ ಬರುತ್ತದೆ. ಜೊತೆಯವರೆಲ್ಲ ಎತ್ತರವಾಗುತ್ತಿರುವಾಗ ಒಬ್ಬ ಬಾಲಕ ಮಾತ್ರ ಬೆಳೆಯದೆ ಪ್ರಾರ್ಥನೆಯ ಸಾಲಿನಲ್ಲಿ ವರ್ಷ ವರ್ಷವೂ ಮೊದಲಿಗನಾಗಿಯೇ ನಿಲ್ಲುತ್ತಾನೆ. ಒಬ್ಬ ಬಾಲಕಿ ಮೈನೆರೆಯುವುದು ತಡವಾಗುತ್ತದೆ. 'ತಂದೆತಾಯಿಯರೂ ಕುಳ್ಳರು, ಮಗುವೂ ಕುಳ್ಳು' ಎಂದು ಮನೆಯವರು ಸುಮ್ಮನಾಗುತ್ತಾರೆ. ಜಂತುಹುಳುವಿನ ಔಷಧಿ ಕೊಡಿಸುತ್ತಾರೆ, ಟಾನಿಕ್ಕು ತರುತ್ತಾರೆ. ವರ್ಷಗಳು ಉರುಳುತ್ತವೆ. ಮೂಳೆಗಳು ಬೆಳೆಯುವುದಕ್ಕೆ ಪ್ರಕೃತಿ ಒಂದು ಅವಧಿಯನ್ನು ಗೊತ್ತುಮಾಡಿದೆ. ಆ ಬಾಗಿಲು ಮುಚ್ಚಿದ ಮೇಲೆ ಕಾರಣ ತಿಳಿದರೂ ಕಳೆದುಹೋದ ಎತ್ತರ ಮರಳಿ ಬಾರದು. ಆದ್ದರಿಂದಲೇ ಈ ರೋಗವನ್ನು ಬೇಗನೆ ಗುರುತಿಸುವುದು ಮುಖ್ಯ.

ರೋಗವನ್ನು ಅರಿಯಲು ವೈದ್ಯರು ನಡೆದ ದಾರಿ ದೀರ್ಘವಾದುದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಅರಿಟಿಯಸ್ ಎಂಬ ಗ್ರೀಕ್ ವೈದ್ಯನು ಇಂಥ ದೀರ್ಘಕಾಲದ ಉದರರೋಗವನ್ನು ವರ್ಣಿಸಿದ್ದನು. ಹೊಟ್ಟೆ ಎಂಬ ಅರ್ಥದ ಗ್ರೀಕ್ ಪದದಿಂದಲೇ ಸೀಲಿಯಾಕ್ ಎಂಬ ಹೆಸರು ಬಂದಿದೆ. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ರೋಗ ವಾಸಿಯಾಗುವುದಾದರೆ ಅದು ಪಥ್ಯದಿಂದಲೇ ಆಗಬೇಕೆಂದು ಸರಿಯಾಗಿ ಊಹಿಸಿದನು. ಆದರೆ ಯಾವ ಪಥ್ಯವೆಂಬುದು ಅವನಿಗೆ ಹೊಳೆಯಲಿಲ್ಲ. ರೋಗಿಗಳಿಗೆ ಅಕ್ಕಿ ತಕ್ಕದ್ದಲ್ಲವೆಂದು ದೂರವಿಟ್ಟು, ಚೆನ್ನಾಗಿ ಸುಟ್ಟ ಬ್ರೆಡ್ಡಿನ ತೆಳು ಹೋಳುಗಳನ್ನು ಕೊಡಬಹುದೆಂದನು. ಹಿತವಾದುದನ್ನು ತಡೆದು ಅಹಿತವಾದುದನ್ನೇ ಬಡಿಸಿದಂತಾಯಿತು.

ನಿಜವಾದ ಅಪರಾಧಿಯನ್ನು ಹಿಡಿದುಕೊಟ್ಟವನು ನೆದರ್‌ಲ್ಯಾಂಡ್ಸ್ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯ ಮೇಲೆ ಅವನಿಗೆ ಮೊದಲಿನಿಂದಲೂ ಅನುಮಾನವಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944-45ರ ಚಳಿಗಾಲದಲ್ಲಿ, ಆ ದೇಶದಲ್ಲಿ ಘೋರ ಕ್ಷಾಮ ತಲೆದೋರಿತು. ಬ್ರೆಡ್ಡು ಸಿಗದಾಯಿತು. ಜನರೆಲ್ಲ ಹಸಿವಿನಿಂದ ಕಂಗೆಟ್ಟಿದ್ದಾಗ ಸೀಲಿಯಾಕ್ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ದೊರಕಿದಾಗ ಅವರ ರೋಗವೂ ಮರಳಿತು. ಡಿಕೆ 1950ರಲ್ಲಿ ತನ್ನ ಪ್ರೌಢಪ್ರಬಂಧದಲ್ಲಿ ಈ ಪಥ್ಯವನ್ನು ವಿವರಿಸಿದನು. ಅನಂತರ ಸಹೋದ್ಯೋಗಿಗಳೊಡನೆ ಸೇರಿ, ದೋಷವಿರುವುದು ಗೋಧಿಯ ಪಿಷ್ಟದಲ್ಲಲ್ಲ, ಅಂಟಿನಲ್ಲಿ ಎಂದು ತೋರಿಸಿಕೊಟ್ಟನು. 1954ರಲ್ಲಿ ಇಂಗ್ಲೆಂಡಿನ ಪಾಲಿ ಎಂಬ ವೈದ್ಯನು ರೋಗಿಗಳ ಕರುಳಿನಲ್ಲಿ ವಿಲ್ಲೈಗಳು ಹಾಳಾಗಿರುವುದನ್ನು ಕಂಡನು. 1997ರಲ್ಲಿ ಜರ್ಮನಿಯ ಸಂಶೋಧಕರು ಪ್ರತಿಕಾಯಗಳ ಗುರಿ ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವವೆಂದು ಕಂಡುಹಿಡಿದ ಮೇಲೆ ರಕ್ತಪರೀಕ್ಷೆಯ ದಾರಿ ಸುಗಮವಾಯಿತು.

ಭಾರತದಲ್ಲಿ 1966ರಲ್ಲಿಯೇ ವೈದ್ಯರು ಉತ್ತರ ಭಾರತದ ಮಕ್ಕಳಲ್ಲಿ ಈ ರೋಗವಿರುವುದನ್ನು ವರದಿ ಮಾಡಿದ್ದರು. ದಕ್ಷಿಣದಲ್ಲಿ ಮಾತ್ರ ಇದು ಇಲ್ಲವೆಂದೇ ಬಹುಕಾಲ ನಂಬಲಾಗಿತ್ತು. ಈ ನಂಬಿಕೆಯನ್ನು ಒರೆಗೆ ಹಚ್ಚಲು ದೇಶದ ಉತ್ತರ, ಈಶಾನ್ಯ, ದಕ್ಷಿಣ ಭಾಗಗಳಲ್ಲಿ 23,331 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಉತ್ತರದಲ್ಲಿ ಶೇಕಡ 1.23, ಈಶಾನ್ಯದಲ್ಲಿ ಶೇಕಡ 0.87, ದಕ್ಷಿಣದಲ್ಲಿ ಶೇಕಡ 0.10 ಮಂದಿಯ ರಕ್ತದಲ್ಲಿ ಈ ರೋಗದ ಪ್ರತಿಕಾಯಗಳಿರುವುದು ಅದರಿಂದ ತಿಳಿದುಬಂತು. ಎಂದರೆ ಉತ್ತರದಲ್ಲಿ ಸಾವಿರಕ್ಕೆ ಹನ್ನೆರಡು ಮಂದಿ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು. ವಿಸ್ಮಯದ ಸಂಗತಿಯೆಂದರೆ ರೋಗಕ್ಕೆ ಎಡೆಗೊಡುವ ಆನುವಂಶಿಕ ಗುಣ ಮೂರು ಪ್ರದೇಶಗಳಲ್ಲಿಯೂ ಹೆಚ್ಚುಕಡಮೆ ಸಮವಾಗಿತ್ತು. ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಇತ್ತು. ಬೇರೆಯಾಗಿದ್ದುದು ಊಟ. ಉತ್ತರದವರು ದಿನಕ್ಕೆ ಸುಮಾರು 455 ಗ್ರಾಂ ಗೋಧಿಯನ್ನು ಬಳಸುತ್ತಿದ್ದರೆ ದಕ್ಷಿಣದವರು ಬಳಸುತ್ತಿದ್ದುದು ಸುಮಾರು 25 ಗ್ರಾಂ ಮಾತ್ರ.

ಈ ಅಂಕಿಗಳಿಂದ ಕೊಡಗಿನವರು ಎರಡು ಪಾಠಗಳನ್ನು ಕಲಿಯಬಹುದು. ರೋಗ ಇಲ್ಲಿ ವಿರಳ ಎಂಬುದು ಮೊದಲನೆಯದು. ವಿರಳವೆಂದ ಮಾತ್ರಕ್ಕೆ ಇಲ್ಲವೇ ಇಲ್ಲವೆಂದಲ್ಲ ಎಂಬುದು ಎರಡನೆಯದು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 5.5 ಲಕ್ಷ. ಸಾವಿರಕ್ಕೆ ಒಬ್ಬರೆಂಬ ಸ್ಥೂಲವಾದ ಲೆಕ್ಕವನ್ನು ಹಿಡಿದರೂ ಅಂಥ ಪ್ರತಿಕಾಯಗಳಿರುವವರ ಸಂಖ್ಯೆ ಕೆಲವು ನೂರನ್ನು ಮುಟ್ಟುತ್ತದೆ. ಬೀಜ ಮಣ್ಣಿನಲ್ಲಿ ಇದ್ದೇ ಇದೆ; ತಟ್ಟೆಯಲ್ಲಿ ಗೋಧಿ ಹೆಚ್ಚಿದಂತೆ ಅದು ಮೊಳೆಯುವ ಸಂಭವವೂ ಹೆಚ್ಚಬಹುದು.

ರೋಗದ ಸಂಶಯ ಬಂದಾಗ ಮಾಡಬೇಕಾದುದೇನು? ಎಲ್ಲಕ್ಕಿಂತ ಮೊದಲು ಮಾಡಬಾರದ ಕೆಲಸವೊಂದಿದೆ. ಪರೀಕ್ಷೆಗೆ ಮುನ್ನ ಗೋಧಿಯನ್ನು ಬಿಟ್ಟುಬಿಡಬಾರದು. ಇದು ವಿಚಿತ್ರವೆಂದು ತೋರಬಹುದು. ಆದರೆ ಪರೀಕ್ಷೆಗಳು ಹುಡುಕುವುದು ಗೋಧಿಯನ್ನಲ್ಲ, ಗೋಧಿಯಿಂದ ಆದ ಗಾಯದ ಗುರುತುಗಳನ್ನು. ಗೋಧಿ ನಿಂತರೆ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಯತೊಡಗುತ್ತದೆ. ರೋಗವಿದ್ದರೂ ಇಲ್ಲವೆಂಬ ಉತ್ತರ ಬರುತ್ತದೆ. ದಿನವೂ ಅಕ್ಕಿರೊಟ್ಟಿ, ಅನ್ನಗಳನ್ನೇ ಉಣ್ಣುವ ಕೊಡಗಿನ ಮನೆಯ ಮಗುವಿನಲ್ಲಿ ಈ ತೊಡಕು ಇನ್ನಷ್ಟು ಸಂಭವನೀಯ. ಆದ್ದರಿಂದ ಮಗು ಯಾವ ಯಾವ ತಿಂಡಿಯನ್ನು ವಾರಕ್ಕೆ ಎಷ್ಟು ಸಲ ತಿನ್ನುತ್ತದೆಂಬುದನ್ನು ವೈದ್ಯರಿಗೆ ವಿವರವಾಗಿ ತಿಳಿಸಬೇಕು. ಅವಶ್ಯವೆನಿಸಿದರೆ ಅವರು ಕೆಲವು ವಾರಗಳ ಕಾಲ ಗೊತ್ತಾದ ಪ್ರಮಾಣದಲ್ಲಿ ಗೋಧಿಯನ್ನು ತಿನ್ನಿಸಿ, ಅನಂತರ ಪರೀಕ್ಷೆ ಮಾಡಿಸುತ್ತಾರೆ.

ಮೊದಲ ಪರೀಕ್ಷೆ ರಕ್ತದ್ದು. ಟ್ರಾನ್ಸ್‌ಗ್ಲುಟಮಿನೇಸ್ ಕಿಣ್ವದ ವಿರುದ್ಧ ಹುಟ್ಟಿದ ಐಜಿಎ ವರ್ಗದ ಪ್ರತಿಕಾಯಗಳನ್ನು ಅದರಲ್ಲಿ ಅಳೆಯುತ್ತಾರೆ. ಕೆಲವರ ದೇಹದಲ್ಲಿ ಐಜಿಎ ಪ್ರತಿಕಾಯಗಳೇ ಹುಟ್ಟಿನಿಂದ ಕಡಮೆ ಇರುವುದರಿಂದ ಅದರ ಒಟ್ಟು ಪ್ರಮಾಣವನ್ನೂ ನೋಡುವುದು ಸರಿಯಾದ ಕ್ರಮ. ಇದಕ್ಕೆ ಬೇಕಾಗುವುದು ತೋಳಿನಿಂದ ತೆಗೆದ ಅಲ್ಪ ರಕ್ತ ಮಾತ್ರ. ಪ್ರತಿಕಾಯಗಳು ಹೆಚ್ಚಾಗಿದ್ದರೆ ಎರಡನೆಯ ಹೆಜ್ಜೆ ಎಂಡೋಸ್ಕೋಪಿ. ತುದಿಯಲ್ಲಿ ದೀಪ, ಕ್ಯಾಮೆರಾಗಳಿರುವ ತೆಳುವಾದ ಬಾಗುವ ಕೊಳವೆಯನ್ನು ಬಾಯಿಯ ಮೂಲಕ ಸಣ್ಣ ಕರುಳಿನ ಮೊದಲ ಭಾಗಕ್ಕೆ ಇಳಿಸಿ, ಕಾಳಿನ ಮೊಳಕೆಗಿಂತ ಚಿಕ್ಕದಾದ ಕೆಲವು ಚೂರುಗಳನ್ನು ತೆಗೆಯುತ್ತಾರೆ. ಗಂಟಲಿಗೆ ಮರಗಟ್ಟಿಸುವ ಔಷಧಿಯನ್ನೋ, ಮಂಪರು ಬರುವ ಮದ್ದನ್ನೋ ಕೊಡುವುದರಿಂದ ಇದಕ್ಕೆ ಅಂಜಬೇಕಾಗಿಲ್ಲ. ಆ ಚೂರುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿ ವಿಲ್ಲೈಗಳು ನೆಟ್ಟಗಿವೆಯೋ ಸವೆದಿವೆಯೋ ಎಂಬುದನ್ನು ತಜ್ಞರು ತೀರ್ಮಾನಿಸುತ್ತಾರೆ. ಪ್ರತಿಕಾಯಗಳು ಅತಿ ಹೆಚ್ಚಾಗಿರುವ ಕೆಲವು ಮಕ್ಕಳಲ್ಲಿ ಇನ್ನೊಂದು ರಕ್ತಪರೀಕ್ಷೆಯೂ ಅದನ್ನೇ ದೃಢಪಡಿಸಿದರೆ, ಚೂರು ತೆಗೆಯದೆಯೇ ನಿರ್ಣಯಕ್ಕೆ ಬರುವ ಪದ್ಧತಿಯೂ ಈಗ ಇದೆ.

ಆನುವಂಶಿಕ ಗುಣದ ಪರೀಕ್ಷೆಯ ಬೆಲೆಯನ್ನು ಸರಿಯಾಗಿ ಅರಿಯಬೇಕು. ಆ ಗುಣವಿಲ್ಲವೆಂದಾದರೆ ರೋಗವಿಲ್ಲವೆಂದು ಬಹುಮಟ್ಟಿಗೆ ನಿಶ್ಚಿಂತರಾಗಬಹುದು. ಇದೆಯೆಂದ ಮಾತ್ರಕ್ಕೆ ರೋಗವಿದೆಯೆಂದಲ್ಲ. ಅದು ಇರುವವರಲ್ಲಿ ಬಹುಪಾಲು ಜನ ಆಯುಷ್ಯವೆಲ್ಲ ಚಪಾತಿ ತಿಂದು ಆರೋಗ್ಯವಾಗಿಯೇ ಇರುತ್ತಾರೆ. ಕರುಳಿನ ಕ್ಷಯದಂಥ ಬೇರೆ ಕಾಯಿಲೆಗಳೂ ಇಂಥವೇ ಲಕ್ಷಣಗಳನ್ನು ತೋರಬಲ್ಲವಾದ್ದರಿಂದ ನಿರ್ಣಯವನ್ನು ವೈದ್ಯರಿಗೇ ಬಿಡಬೇಕು. ಒಮ್ಮೆ ರೋಗ ದೃಢಪಟ್ಟರೆ ಒಡಹುಟ್ಟಿದವರನ್ನೂ ತಂದೆತಾಯಿಯರನ್ನೂ ಪರೀಕ್ಷಿಸುವುದು ಒಳ್ಳೆಯದು. ಅಂಥ ಹತ್ತಿರದ ಸಂಬಂಧಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ರೋಗ ಇರುವ ಸಂಭವವುಂಟು. ಮಡಿಕೇರಿಯಲ್ಲಿ 2016ರಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದುದರಿಂದ ವೈದ್ಯಕೀಯ ಸಲಹೆ ಜಿಲ್ಲೆಯ ಜನರಿಗೆ ಹತ್ತಿರವಾಗಿದೆ. ಕರುಳಿನ ತಜ್ಞರನ್ನೇ ಕಾಣಬೇಕಾದಾಗ ಮೈಸೂರು, ಮಂಗಳೂರುಗಳಿಗೆ ಹೋಗಿಬರಬಹುದು.

ಈ ರೋಗಕ್ಕೆ ಗುಳಿಗೆಯಾಗಲಿ ಶಸ್ತ್ರಚಿಕಿತ್ಸೆಯಾಗಲಿ ಇಲ್ಲ. ಪಥ್ಯವೊಂದೇ ಚಿಕಿತ್ಸೆ, ಅದೂ ಜೀವಮಾನದ ಪಥ್ಯ. ಪಥ್ಯವೆಂದರೆ ಕಡಮೆ ತಿನ್ನುವುದೆಂದಲ್ಲ, ಸ್ವಲ್ಪವೂ ತಿನ್ನದಿರುವುದು. ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಇರುತ್ತದೆ. ದಿನವೂ 50 ಮಿಲಿಗ್ರಾಂ, ಎಂದರೆ ಆ ಹೋಳಿನ ನಲವತ್ತರಲ್ಲಿ ಒಂದು ಪಾಲು ಹೊಟ್ಟೆ ಸೇರುತ್ತಿದ್ದರೂ ಕರುಳು ಕೆಡಬಲ್ಲದು. ಅಂಗೈಗೆ ಅಂಟಿದ ಹಿಟ್ಟಿನ ಪುಡಿಯೂ ಲೆಕ್ಕಕ್ಕೆ ಬರುತ್ತದೆ. ಒಂದು ಕಿಲೋಗ್ರಾಂ ಆಹಾರದಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲುಟೆನ್ ಇದ್ದರೆ ಅದನ್ನು ಗ್ಲುಟೆನ್‌ರಹಿತವೆಂದು ಮಾರಬಾರದೆಂದು ಭಾರತದ ಕಾನೂನು ವಿಧಿಸಿದೆ. ಪೊಟ್ಟಣದ ಆಹಾರದಲ್ಲಿ ಗೋಧಿ, ಬಾರ್ಲಿಗಳು ಸೇರಿದ್ದರೆ ಅದನ್ನು ಮೇಲೆ ನಮೂದಿಸಬೇಕಾದುದೂ ಕಡ್ಡಾಯ. ಪೊಟ್ಟಣದ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸವೇ ರೋಗಿಗೆ ಅರ್ಧ ರಕ್ಷೆ.

ಪಂಜಾಬಿನ ಮನೆಯೊಂದರಲ್ಲಿ ಗೋಧಿಯನ್ನು ಬಿಡುವುದೆಂದರೆ ಮೂರು ಹೊತ್ತಿನ ಊಟವನ್ನೇ ಬದಲಿಸುವುದು. ಕೊಡಗಿನಲ್ಲಿ ಹಾಗಲ್ಲ, ಹಿರಿಯರ ಅಡುಗೆಗೆ ಮರಳಿದರೆ ಬಹುಪಾಲು ಸಾಕು. ಕಡಂಬುಟ್ಟು, ನೂಪುಟ್ಟು, ಪಾಪುಟ್ಟುಗಳಿಗೆ ಭಯವಿಲ್ಲ. ಕಣಿಲೆ, ಅಣಬೆ, ಕೆಸುವಿನ ಪಲ್ಯಗಳಿಗೂ, ಮಾಂಸದ ಸಾರುಗಳಿಗೂ ಭಯವಿಲ್ಲ. ಬಾರ್ಲಿಯಿಂದ ತಯಾರಿಸಿದ ವಿನಿಗರ್ ರೋಗಿಗೆ ವರ್ಜ್ಯ. ಆದರೆ ಕೊಡಗಿನ ಕಾಚಂಪುಳಿ ಹಣ್ಣಿನ ರಸವನ್ನು ಕುದಿಸಿ ಇಳಿಸಿದ ಹುಳಿಯಾದ್ದರಿಂದ ಅದು ನಿರಪಾಯ. ರಾಗಿಯ ಅಂಬಲಿ, ಮುದ್ದೆಗಳೂ ಒಳ್ಳೆಯವು. 'ಮಾಲ್ಟ್' ಎಂಬ ಹೆಸರಿನ ಪೇಯಗಳಲ್ಲಿ ಮಾತ್ರ ವಿವೇಚನೆ ಬೇಕು. ಬರಿಯ ರಾಗಿಯ ಮಾಲ್ಟ್ ಆಗಬಹುದು, ಬಾರ್ಲಿಯ ಮಾಲ್ಟ್ ಕೂಡದು.

ಅಪಾಯ ಬರುವುದು ಅಡಗಿದ ದಾರಿಗಳಿಂದ. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆತಿರುವುದುಂಟು. ಒಂದು ಚಿಟಿಕೆ ಇಂಗು ಸಾರಿನ ಪಾತ್ರೆಯನ್ನೆಲ್ಲ ಕೆಡಿಸಬಲ್ಲದು. ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ. ಕಟ್ಲೆಟ್ಟಿನ ಮೈಗೆ ಬ್ರೆಡ್ಡಿನ ಪುಡಿ ಮೆತ್ತಿರುತ್ತದೆ. ಪಾಯಸದ ಶಾವಿಗೆ ಬಹುಮಟ್ಟಿಗೆ ಗೋಧಿಯದೇ. ಪೂರಿ ಕರಿದ ಎಣ್ಣೆಯಲ್ಲಿಯೇ ಹಪ್ಪಳ ಕರಿದರೆ, ಪರೋಟ ಬೇಯಿಸಿದ ಕಾವಲಿಯ ಮೇಲೆಯೇ ಅಕ್ಕಿರೊಟ್ಟಿ ತಟ್ಟಿದರೆ ಗ್ಲುಟೆನ್ ಹಿಂಬಾಗಿಲಿನಿಂದ ಬಂದಂತೆಯೇ. ಹಿಟ್ಟಿನ ಗಿರಣಿಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಹಿಂದಿನ ಗಿರಾಕಿಯ ಗೋಧಿಯನ್ನು ಬೀಸಿದ ಕಲ್ಲಿನಲ್ಲಿಯೇ ಅಕ್ಕಿಯನ್ನು ಬೀಸಿದರೆ ಅದು ಶುದ್ಧವಾದ ಅಕ್ಕಿಹಿಟ್ಟಾಗಿ ಉಳಿಯದು. ಅಕ್ಕಿಯನ್ನು ತೊಳೆದು ಒಣಗಿಸಿ ಮನೆಯಲ್ಲಿಯೇ ಪುಡಿ ಮಾಡಿಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ರೋಗಿಯ ಹಿಟ್ಟಿನ ಡಬ್ಬ, ಜರಡಿ, ಕಾವಲಿ, ಲಟ್ಟಣಿಗೆಗಳನ್ನು ಬೇರೆಯಾಗಿಯೇ ಇಡಬೇಕು.

ಗೋಧಿಯನ್ನು ಬಿಟ್ಟ ಮಾತ್ರಕ್ಕೆ ಊಟ ಸಮತೋಲವಾಗುವುದಿಲ್ಲ. ಬಿಳಿಯ ಅಕ್ಕಿಯೊಂದನ್ನೇ ನೆಚ್ಚಿದರೆ ನಾರು, ಕಬ್ಬಿಣ, ಕೆಲವು ಜೀವಸತ್ವಗಳು ಸಾಲದೆ ಹೋಗುತ್ತವೆ. ಆದುದರಿಂದ ರಾಗಿ, ಕಾಳು, ಸೊಪ್ಪು, ಹಣ್ಣು, ಹಾಲು, ಮೊಟ್ಟೆಗಳಿಗೆ ಎಲೆಯಲ್ಲಿ ಸ್ಥಾನವಿರಬೇಕು. ಮೊದಮೊದಲು ಗಾಯಗೊಂಡ ಕರುಳಿಗೆ ಹಾಲು ಅರಗದಿರಬಹುದು. ಕರುಳು ಮಾಯ್ದಂತೆ ಆ ತೊಂದರೆ ಸಾಮಾನ್ಯವಾಗಿ ನೀಗುತ್ತದೆ. ಗ್ಲುಟೆನ್‌ರಹಿತವೆಂದು ದುಬಾರಿ ಬೆಲೆಗೆ ಮಾರುವ ಬಿಸ್ಕತ್ತುಗಳು ಅನಿವಾರ್ಯವೇನೂ ಅಲ್ಲ. ಪಥ್ಯ ಸರಿಯಾಗಿ ನಡೆದರೆ ಕೆಲವು ವಾರಗಳಲ್ಲಿಯೇ ಮೈಯಲ್ಲಿ ಲವಲವಿಕೆ ತೋರುತ್ತದೆ. ಪ್ರತಿಕಾಯಗಳು ಇಳಿಯಲು ತಿಂಗಳುಗಳು ಹಿಡಿಯುತ್ತವೆ. ವಿಲ್ಲೈಗಳು ಪೂರ್ತಿ ಚಿಗುರಲು ವರ್ಷವೋ ಇನ್ನೂ ಹೆಚ್ಚೋ ಬೇಕಾಗಬಹುದು. ಬೆಳೆಯುವ ವಯಸ್ಸು ಮೀರಿರದ ಮಕ್ಕಳು ತೂಕದಲ್ಲಿಯೂ ಎತ್ತರದಲ್ಲಿಯೂ ತಮ್ಮ ಓರಗೆಯವರನ್ನು ಹಿಂಬಾಲಿಸಿ ಹಿಡಿಯುತ್ತಾರೆ.

ಪಥ್ಯದ ಕಷ್ಟವಿರುವುದು ನಾಲಗೆಯಲ್ಲಿ ಮಾತ್ರವಲ್ಲ, ನಾಲ್ಕು ಜನರ ನಡುವೆಯೂ ಇದೆ. ಮದುವೆಯ ಮನೆಯಲ್ಲಿ ಬಡಿಸುವವರು ಪ್ರೀತಿಯಿಂದ ಒತ್ತಾಯ ಮಾಡುತ್ತಾರೆ. 'ಒಂದು ಚೂರು ತಿಂದರೆ ಏನಾಗುತ್ತದೆ, ಮಗಳೇ?' ಎಂದು ಹಿರಿಯರು ಕೇಳುತ್ತಾರೆ. ಗೆಳೆಯನ ಹುಟ್ಟುಹಬ್ಬದ ಕೇಕನ್ನು ಬೇಡವೆಂದವನಿಗೆ ಬಿಂಕದವನೆಂಬ ಹೆಸರು ಬರುತ್ತದೆ. ಸತ್ಯನಾರಾಯಣ ಪೂಜೆಯ ಸಜ್ಜಿಗೆ ರವೆಯದಾದ್ದರಿಂದ, ಪ್ರಸಾದವನ್ನು ನಿರಾಕರಿಸಿದಂತಾಯಿತಲ್ಲ ಎಂಬ ಅಳುಕು ಕಾಡುತ್ತದೆ. ಇಂಥ ಸಂದರ್ಭಗಳಲ್ಲಿ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಮನೆಯವರಿಗೆ ಕೊಟ್ಟರೆ ಭಕ್ತಿಗೆ ಕೊರತೆಯಿಲ್ಲ. ಶಾಲೆಯ ಪ್ರವಾಸಕ್ಕೆ ಹೊರಟಾಗ ಬುತ್ತಿಯನ್ನು ಕಟ್ಟಿಕೊಂಡು ಹೋಗುವುದು ನಾಚಿಕೆಯ ಮಾತಲ್ಲ. ರೋಗವನ್ನು ಮುಚ್ಚಿಟ್ಟು ಎಲ್ಲರಂತೆ ತಿಂದು ಕರುಳನ್ನು ಕೆಡಿಸಿಕೊಳ್ಳುವುದಕ್ಕಿಂತ, ಎರಡು ಮಾತಿನಲ್ಲಿ ವಿಷಯವನ್ನು ತಿಳಿಸಿಬಿಡುವುದು ಲೇಸು. ಹಾಗೆ ತಿಳಿಸಿದವರನ್ನು ಹಂಗಿಸದೆ, ಅವರು ಉಣ್ಣಬಹುದಾದುದನ್ನು ಕೇಳಿ ಬಡಿಸುವುದು ಜೊತೆಯವರ ಕರ್ತವ್ಯ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಗೋಧಿ ಎಲ್ಲರಿಗೂ ಕೆಟ್ಟದ್ದೆಂಬ ಪ್ರಚಾರ ಇತ್ತೀಚಿನ ವರ್ಷಗಳಲ್ಲಿ ಕೇಳಿಬರುತ್ತಿದೆ. ಆರೋಗ್ಯವಂತನಿಗೆ ಗೋಧಿಯಿಂದ ಹಾನಿಯಿಲ್ಲ; ಅದು ಪುಷ್ಟಿಕರವಾದ ಧಾನ್ಯವೇ. ಪರೀಕ್ಷೆಯಿಲ್ಲದೆ ತಾನಾಗಿಯೇ ಗೋಧಿಯನ್ನು ಬಿಟ್ಟವನು ನಿಜವಾದ ರೋಗವಿದ್ದರೆ ಅದನ್ನು ಪತ್ತೆಹಚ್ಚುವ ದಾರಿಯನ್ನು ಮುಚ್ಚಿಕೊಳ್ಳುತ್ತಾನೆ. ರೋಗವಿಲ್ಲದಿದ್ದರೆ ವೃಥಾ ಪಥ್ಯದ ಹೊರೆಯನ್ನು ಹೊರುತ್ತಾನೆ.

ಹೀಗೆ ಸೀಲಿಯಾಕ್ ರೋಗಿಯ ಆರೋಗ್ಯ ಮೂರು ಸಂಗತಿಗಳನ್ನು ಅವಲಂಬಿಸಿದೆ. ಲಕ್ಷಣಗಳನ್ನು ಕಂಡಾಗ ತಡಮಾಡದೆ ಪರೀಕ್ಷಿಸಿಕೊಳ್ಳುವುದು, ನಿರ್ಣಯವಾದ ಮೇಲೆ ಪಥ್ಯವನ್ನು ಬಿಡದೆ ಪಾಲಿಸುವುದು, ಸುತ್ತಲಿನವರು ಅದನ್ನು ಅರಿತು ನಡೆದುಕೊಳ್ಳುವುದು. ಮೊದಲನೆಯದು ತಂದೆತಾಯಿಯರ, ವೈದ್ಯರ ಕೆಲಸ. ಎರಡನೆಯದು ರೋಗಿಯ ಕೆಲಸ. ಮೂರನೆಯದು ಮಾತ್ರ ಎಲ್ಲರದು. ಪಂಕ್ತಿಯಲ್ಲಿ ಪಕ್ಕದ ಎಲೆಯವನು ಬಡಿಸಿದ್ದನ್ನು ಬೇಡವೆಂದಾಗ, ಏಕೆಂದು ಒಮ್ಮೆ ಯೋಚಿಸುವಷ್ಟು ತಾಳ್ಮೆಯಿದ್ದರೆ ಅದಕ್ಕೆ ಸಾಕು.